ಮಾಗಿಯ ಚಳಿಯಲ್ಲಿ ಗುಲಾಬಿ ಗಿಡಗಳ ರಕ್ಷಣೆ: ಧಾರವಾಡ ಸೀಮೆಯ ಮನೆತೋಟಗಳಿಗೆ ಒಂದು ಮಾರ್ಗದರ್ಶಿ

ದೀಪಾವಳಿ ಮುಗಿದು ಮನೆಯ ಕೌದಿಗಳು ಬಿಸಿಲಿಗೆ ಬರುವ ಹೊತ್ತಿಗೆ, ಗುಲಾಬಿ ಬೆಳೆಸುವವರಲ್ಲಿ ಹಲವರು ಗಿಡಕ್ಕೂ ಏನಾದರೂ ಹೊದಿಸಬೇಕೇ ಎಂದು ಕೇಳತೊಡಗುತ್ತಾರೆ. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿಗಳ ಮಟ್ಟಿಗೆ ಹೇಳುವುದಾದರೆ, ಚಳಿಯೊಂದರಿಂದಲೇ ಗುಲಾಬಿ ಸಾಯುವುದಿಲ್ಲ. ಇಲ್ಲಿ ಡಿಸೆಂಬರ್, ಜನವರಿಯ ರಾತ್ರಿಯ ಉಷ್ಣಾಂಶ ಸಾಮಾನ್ಯವಾಗಿ 12ರಿಂದ 16 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ. ಕೆಲವು ವರ್ಷ ಕೆಲವು ರಾತ್ರಿ 10ರ ಕೆಳಗೂ ಇಳಿಯುತ್ತದೆ. ಮಧ್ಯಾಹ್ನ ಮತ್ತೆ 28, 30ಕ್ಕೆ ಏರುತ್ತದೆ. ಇದು ಗುಲಾಬಿಗೆ ಒಗ್ಗುವ ಹವೆಯೇ. ವರ್ಷದ ಅತ್ಯುತ್ತಮ ಹೂಗಳು ಬಿಡುವುದೂ ಈ ದಿನಗಳಲ್ಲಿಯೇ. ಗಿಡವನ್ನು ನಿಜವಾಗಿ ಕಾಡುವವು ಚಳಿಯ ಜೊತೆಗೆ ಬರುವ ಇಬ್ಬನಿ, ಒಣ ಮೂಡಗಾಳಿ, ಎರೆ (ಕಪ್ಪು) ಮಣ್ಣಿನ ಬಿರುಕು, ಮತ್ತು ಹೊತ್ತಲ್ಲದ ಹೊತ್ತಿನಲ್ಲಿ ನಾವು ಹಾಕುವ ನೀರು. ಆದ್ದರಿಂದ ಇಲ್ಲಿ ರಕ್ಷಣೆಯೆಂದರೆ ಗಿಡವನ್ನು ಬೆಚ್ಚಗಿಡುವುದಕ್ಕಿಂತ ಹೆಚ್ಚಾಗಿ ಅದರ ಎಲೆಯನ್ನು ಒಣದಾಗಿಯೂ ಬೇರನ್ನು ತೇವವಾಗಿಯೂ ಇಡುವ ಕೆಲಸ. ಅಕ್ಟೋಬರ್‌ನಿಂದ ಶಿವರಾತ್ರಿಯವರೆಗೆ ಆ ಕೆಲಸ ಯಾವ ಕ್ರಮದಲ್ಲಿ ನಡೆಯಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಹಿಮದ ನಾಡಿನ ಸಲಹೆಗಳನ್ನು ಅಲ್ಲಿಗೇ ಬಿಡಿ

ಚಳಿಗಾಲದಲ್ಲಿ ಗುಲಾಬಿಯ ಆರೈಕೆ ಎಂದು ಮೊಬೈಲಿನಲ್ಲಿ ಹುಡುಕಿದರೆ ಸಿಗುವ ಮಾಹಿತಿಯ ಬಹುಪಾಲು ಅಮೆರಿಕದ ಉತ್ತರ ರಾಜ್ಯಗಳದು, ಕೆನಡಾದ್ದು, ಯುರೋಪಿನದು. ಅಲ್ಲಿ ಕೆಲವೆಡೆ ಉಷ್ಣಾಂಶ ಸೊನ್ನೆಗಿಂತ 20, 30 ಡಿಗ್ರಿ ಕೆಳಗೆ ಇಳಿಯುತ್ತದೆ. ನೆಲದೊಳಗಿನ ನೀರು ಹೆಪ್ಪುಗಟ್ಟಿರುವಾಗ ಬಿಸಿಲೂ ಗಾಳಿಯೂ ರೆಂಬೆಯ ತೇವವನ್ನು ಹೀರುತ್ತಲೇ ಇರುತ್ತವೆ, ಬೇರು ಹೊಸ ನೀರನ್ನು ಮೇಲಕ್ಕೆ ಕಳುಹಿಸಲಾರದೆ ಕಾಂಡ ಒಣಗಿ ಕಪ್ಪಾಗುತ್ತದೆ. ಕಾಡು ಗಿಡದ ಬೇರಿಗೆ ಒಳ್ಳೆಯ ತಳಿಯನ್ನು ಕೂಡಿಸಿದ ಕಸಿಯ ಗಂಟು ಸತ್ತರೆ ಬುಡದಿಂದ ಏಳುವುದು ಬರಿಯ ಕಾಡು ಗುಲಾಬಿ. ಅದಕ್ಕಾಗಿ ಅಲ್ಲಿಯವರು ಮೊದಲ ಹಿಮ ಬೀಳುವ ಸುಮಾರು ಆರು ವಾರ ಮೊದಲೇ ಸಾರಜನಕದ ಗೊಬ್ಬರ ನಿಲ್ಲಿಸುತ್ತಾರೆ, ನೆಲ ಗಟ್ಟಿಯಾಗತೊಡಗಿದಾಗ ಬುಡಕ್ಕೆ 25, 30 ಸೆಂಟಿಮೀಟರ್ ಎತ್ತರ ಮಣ್ಣು ಏರಿಸುತ್ತಾರೆ, ಗಿಡದ ಸುತ್ತ ಗೋಣಿತಟ್ಟು ಸುತ್ತುತ್ತಾರೆ. ಮಿನೆಸೋಟ ರಾಜ್ಯದಲ್ಲಂತೂ ಒಂದು ಬದಿಯ ಬೇರು ಸಡಿಲಿಸಿ, ಇಡೀ ಗಿಡವನ್ನು ಕಂದಕದಲ್ಲಿ ಮಲಗಿಸಿ ಹೂಳುವ ಪದ್ಧತಿಯೇ ಇದೆ. ಏಪ್ರಿಲ್‌ನಲ್ಲಿ ಅದನ್ನು ಎತ್ತಿ ನಿಲ್ಲಿಸುತ್ತಾರೆ. ಮಕ್ಕಳ ಮನೆಗೆಂದು ಅತ್ತ ಹೋಗಿ ಅಲ್ಲಿ ಗುಲಾಬಿ ನೆಡಬಯಸುವವರಿಗೆ ಈ ಕ್ರಮಗಳೆಲ್ಲ ಬೇಕಾಗುತ್ತವೆ.

ನಮ್ಮ ನರ್ಸರಿಗಳಲ್ಲಿ ಸಿಗುವ ದೊಡ್ಡ ಹೂವಿನ ಹೈಬ್ರಿಡ್ ಟೀ ಗುಲಾಬಿಗಳಲ್ಲಿ ಚೀನಾದ ಟೀ ಗುಲಾಬಿಗಳ ವಂಶಾಂಶವಿದೆ. 1867ರ 'ಲಾ ಫ್ರಾನ್ಸ್' ಅನ್ನು ಈ ವರ್ಗದ ಮೊದಲ ತಳಿಯೆಂದು ಗಣಿಸುತ್ತಾರೆ. ಆ ಪೂರ್ವಿಕ ಗಿಡಗಳು ಹಿತವಾದ ಹವೆಯಲ್ಲಿ ವರ್ಷವಿಡೀ ಚಿಗುರುತ್ತ ಹೂ ಬಿಡುವಂಥವು. ಹಿಮದಲ್ಲಿ ಗಾಢವಾಗಿ ನಿದ್ರಿಸುವ ಗುಣ ಅವುಗಳಲ್ಲಿ ಕಡಿಮೆ. ಆದ್ದರಿಂದಲೇ ಇವು ಅಲ್ಲಿ ಸಾಯುತ್ತವೆ, ಇಲ್ಲಿ ಅರಳುತ್ತವೆ. ಇಂಥ ಗಿಡದ ಬುಡಕ್ಕೆ ಇಲ್ಲಿ ಒಂದಡಿ ಮಣ್ಣು ಏರಿಸಿದರೆ ಮಧ್ಯಾಹ್ನದ ಬಿಸಿಗೆ ಆ ತೇವದ ಗುಡ್ಡೆಯೊಳಗೆ ತೊಗಟೆ ಕೊಳೆಯುತ್ತದೆ, ಗೆದ್ದಲು ಹತ್ತುತ್ತದೆ. ಪ್ಲಾಸ್ಟಿಕ್ ಹಾಳೆ ಸುತ್ತಿದರೆ ಒಳಗಿನ ಆವಿ ಎಲೆಯ ಮೇಲೆಯೇ ಕುಳಿತು ರೋಗಕ್ಕೆ ಹಾಸಿಗೆ ಹಾಸಿದಂತಾಗುತ್ತದೆ. ಕಸಿಯ ಗಂಟನ್ನು ಅವರು ನೆಲದೊಳಗೆ ಐದು ಸೆಂಟಿಮೀಟರ್ ಅಥವಾ ಇನ್ನೂ ಆಳಕ್ಕೆ ಇಳಿಸಿದರೆ, ನಾವು ಅದನ್ನು ನೆಲದಿಂದ ಮೂರು ನಾಲ್ಕು ಸೆಂಟಿಮೀಟರ್ ಮೇಲೆ ಕಾಣುವಂತೆ ಬಿಡಬೇಕು. ಗೊಬ್ಬರದ ವಿಷಯದಲ್ಲಿಯೂ ಅವರ ಲೆಕ್ಕ ನಮಗೆ ತಿರುಗುಮುರುಗಾಗುತ್ತದೆ, ಏಕೆಂದರೆ ಅವರ ಗಿಡ ಮಲಗುವ ಕಾಲದಲ್ಲಿ ನಮ್ಮದು ದುಡಿಯುತ್ತಿರುತ್ತದೆ.

ಮೊದಲ ಕೆಲಸ: ಅಕ್ಟೋಬರ್ ಚಾಟನಿ (ರೆಂಬೆ ಕತ್ತರಿಸುವುದು)

ಮುಂಗಾರು ಹಿಂದೆ ಸರಿದು ಮಳೆ ಬಿಡುವು ಕೊಟ್ಟೊಡನೆ, ಅಂದರೆ ಸೀಗಿ ಹುಣ್ಣಿಮೆಯ ಆಸುಪಾಸಿನಿಂದ ಅಕ್ಟೋಬರ್ ಕೊನೆಯೊಳಗೆ, ಚಾಟನಿ ಮುಗಿಸುವುದು ಒಳ್ಳೆಯದು. ಚಾಟನಿಯಾದ ಸುಮಾರು 45ರಿಂದ 50 ದಿನಗಳಲ್ಲಿ ಹೂ ಬರುತ್ತದೆ; ಚಳಿ ಬಲಿತ ಮೇಲೆ ಕತ್ತರಿಸಿದರೆ ಅದೇ ಗಿಡ ಇನ್ನೂ ಒಂದೆರಡು ವಾರ ಹೆಚ್ಚು ತೆಗೆದುಕೊಳ್ಳುತ್ತದೆ. ಮಳೆ ಇನ್ನೂ ಹನಿಯುತ್ತಿರುವಾಗ ಆತುರಪಟ್ಟು ಕತ್ತರಿಸಿದರೆ ಗಾಯದೊಳಗೆ ನೀರಿಳಿದು ರೆಂಬೆ ತುದಿಯಿಂದ ಕೆಳಗೆ ಒಣಗುತ್ತ ಬರುತ್ತದೆ. ಹಾನಗಲ್ಲಿನಂಥ ಮಲೆನಾಡ ಸೆರಗಿನ ಊರುಗಳಲ್ಲಿ ಹತ್ತು ದಿನ ತಡವಾದರೂ ಚಿಂತೆಯಿಲ್ಲ.

ಕತ್ತರಿ ಹರಿತವಾಗಿರಬೇಕು, ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವ ಮುನ್ನ ಅದನ್ನು ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಒರೆಸಬೇಕು. ಮೊದಲು ಸತ್ತ, ರೋಗ ಹಿಡಿದ, ಪೆನ್ಸಿಲಿಗಿಂತ ಸಣಕಲಾದ ರೆಂಬೆಗಳನ್ನು ಬುಡಕ್ಕೇ ತೆಗೆಯಿರಿ. ಆಮೇಲೆ ಒಂದಕ್ಕೊಂದು ಉಜ್ಜುವ, ಒಳಮುಖವಾಗಿ ಬೆಳೆದ ರೆಂಬೆಗಳನ್ನು ತೆಗೆಯಿರಿ. ಹೈಬ್ರಿಡ್ ಟೀ ಗಿಡದಲ್ಲಿ ನಾಲ್ಕೈದು ಗಟ್ಟಿ ಕಾಂಡಗಳು ನೆಲದಿಂದ ಒಂದೂವರೆ ಅಡಿಯಷ್ಟು ಉಳಿದರೆ ಸಾಕು. ಹೊರಮುಖದ ಕಣ್ಣಿನಿಂದ (ಚಿಗುರು ಏಳುವ ಗೆಣ್ಣಿನಿಂದ) ಅರ್ಧ ಸೆಂಟಿಮೀಟರ್ ಮೇಲೆ, ಕಣ್ಣಿನ ಹಿಂಬದಿಗೆ ಇಳಿಜಾರಾಗುವಂತೆ ಓರೆಯಾಗಿ ಕತ್ತರಿಸಬೇಕು. ಕತ್ತರಿಸಿದ ತುದಿಗೆ ಕಾಪರ್ ಆಕ್ಸಿಕ್ಲೋರೈಡ್ ಪುಡಿಯನ್ನು ನೀರಿನಲ್ಲಿ ಗಟ್ಟಿಯಾಗಿ ಕಲಸಿ ಹಚ್ಚುವುದು ಉತ್ತಮ. ಮನೆಯ ಅರಿಶಿನವನ್ನು ಹಚ್ಚುವವರೂ ಇದ್ದಾರೆ. ಒಣ ಹವೆಯಲ್ಲಿ ಅದರಿಂದ ಹಾನಿಯಿಲ್ಲ, ತುದಿ ಒಣಗುವ ರೋಗ ಹಿಂದೆ ಕಂಡಿದ್ದ ತೋಟದಲ್ಲಿ ಮಾತ್ರ ತಾಮ್ರದ ಆ ಪುಡಿಯೇ ಬೇಕು.

ಬಟನ್ ಗುಲಾಬಿ ಮತ್ತು ಪನ್ನೀರು ಗುಲಾಬಿಗಳಿಗೆ ಇಷ್ಟು ಬಿಗಿಯಾದ ಚಾಟನಿ ಬೇಡ, ಮೇಲಿನ ಮೂರನೆಯ ಒಂದು ಭಾಗ ತೆಗೆದರೆ ಸಾಕು. ಬಳ್ಳಿ ಗುಲಾಬಿಯಲ್ಲಿ ಹಳೆಯ ರೆಂಬೆಯ ಕವಲುಗಳಲ್ಲಿಯೇ ಹೂ ಬರುವುದರಿಂದ ಉದ್ದನೆಯ ಬಳ್ಳಿಗಳನ್ನು ಉಳಿಸಿ, ಅಡ್ಡಲಾಗಿ ಬಾಗಿಸಿ ಕಟ್ಟಬೇಕು. ಕಸಿಯ ಗಂಟಿಗಿಂತ ಕೆಳಗಿನಿಂದ ಎದ್ದ ಚಿಗುರನ್ನು ಮಣ್ಣು ಸರಿಸಿ, ಹುಟ್ಟಿದ ಜಾಗದಿಂದಲೇ ಕಿತ್ತು ತೆಗೆಯಬೇಕು. ಒಂದು ತೊಟ್ಟಿನಲ್ಲಿ ಏಳೆಲೆ ಇದ್ದರೆ ಕಾಡು, ಐದೆಲೆ ಇದ್ದರೆ ನಾಡು ಎಂಬ ರೂಢಿಯ ಲೆಕ್ಕವನ್ನು ನಂಬಿ ಮೇಲಿನ ಒಳ್ಳೆಯ ಚಿಗುರನ್ನು ಕೀಳಬೇಡಿ, ಏಕೆಂದರೆ ಒಳ್ಳೆಯ ತಳಿಗಳಲ್ಲಿಯೂ ಏಳೆಲೆಯ ಚಿಗುರು ಬರುತ್ತದೆ.

ಚಾಟನಿಯ ಹೊತ್ತಿಗೆ ಬುಡ ಬಿಚ್ಚಿ ಬೇರನ್ನು ಕೆಲವು ದಿನ ಬಿಸಿಲಿಗೆ ಒಡ್ಡುವ ಹಳೆಯ ಪದ್ಧತಿಯೊಂದಿದೆ. ಎರೆ ಮಣ್ಣಿನಲ್ಲಿ ಬೇರು ಹೇಗೂ ಮುಂದೆ ಹರಿಯಲಿದೆಯಾದ್ದರಿಂದ ಅದನ್ನು ನಾವೇ ಮೊದಲು ಮಾಡುವುದರಲ್ಲಿ ಅರ್ಥ ಕಾಣುವುದಿಲ್ಲ. ಅದರ ಬದಲು ಗಿಡದ ಕೆಳಗೆ ಬಿದ್ದ ಎಲ್ಲ ಎಲೆಗಳನ್ನು ಬಳಿದು ತೆಗೆಯಲು ಆ ಶ್ರಮವನ್ನು ಹಾಕಿ. ಮಳೆಗಾಲದ ಕಪ್ಪು ಚುಕ್ಕೆ ರೋಗದ ಬೀಜಕಣಗಳು ಬಿದ್ದ ಎಲೆಗಳಲ್ಲಿ ಉಳಿದು ಹೊಸ ಚಿಗುರನ್ನು ಕಾಯುತ್ತಿರುತ್ತವೆ. ಆ ಎಲೆಗಳನ್ನು ತಿಪ್ಪೆಗೆ ಹಾಕದೆ ಸುಡುವುದೇ ಸರಿ.

ಬುಡದ ಕೆಲಸ: ಗೊಬ್ಬರ ಮತ್ತು ಹೊದಿಕೆ

ನಮ್ಮ ಸೀಮೆಯಲ್ಲಿ ಮಣ್ಣು ಎರಡು ಬಗೆಯದು. ಧಾರವಾಡದ ಪಡುವಣ ಬದಿಯಲ್ಲಿ ಕೆಂಪು ಮಸಾರಿ ಹೆಚ್ಚು; ಹುಬ್ಬಳ್ಳಿಯಿಂದ ಮೂಡಲಿಗೆ ಅಣ್ಣಿಗೇರಿ, ನವಲಗುಂದ, ಗದಗಿನ ಕಡೆ ಹೋದಂತೆ ಎರೆ; ಹಾವೇರಿ ಜಿಲ್ಲೆಯಲ್ಲಿ ಎರಡೂ ಇವೆ. ಮಸಾರಿಯಲ್ಲಿ ನೀರು ಬೇಗ ಬಸಿಯುತ್ತದೆ, ಗಾಳಿ ಆಡುತ್ತದೆ, ತೊಂದರೆ ಕಡಿಮೆ. ಎರೆಯ ಕಥೆ ಬೇರೆ. ಮಳೆಯಲ್ಲಿ ಉಬ್ಬಿದ ಈ ಮಣ್ಣು ನವೆಂಬರ್ ಕಳೆದಂತೆ ಒಣಗಿ ಕುಗ್ಗುತ್ತದೆ, ಕೈ ಹೋಗುವಷ್ಟು ಅಗಲಕ್ಕೆ ಬಾಯಿ ಬಿಡುತ್ತದೆ. ಹಾಗೆ ಬಿರುಕು ಬಿಡುವಾಗ ಗುಲಾಬಿಯ ಕೂದಲೆಳೆಯಂಥ ಬೇರುಗಳು ಹರಿಯುತ್ತವೆ, ಬಿರುಕಿನೊಳಗೆ ಇಳಿದ ಒಣಗಾಳಿ ಉಳಿದ ಬೇರುಗಳನ್ನೂ ಒಣಗಿಸುತ್ತದೆ. ಜನವರಿಯಲ್ಲಿ ಗಿಡ ಏಕಾಏಕಿ ಮಂಕಾದಾಗ ಚಳಿ ಬಡಿದಿದೆ ಎನ್ನುತ್ತೇವೆ. ಬುಡ ಕೆದಕಿ ನೋಡಿದರೆ ಕಾರಣ ಬಹಳ ಸಲ ಇದೇ ಆಗಿರುತ್ತದೆ.

ಆದ್ದರಿಂದ ಚಾಟನಿಯಾದ ವಾರದೊಳಗೆ ಬುಡದಿಂದ ಒಂದು ಗೇಣು ದೂರದಲ್ಲಿ ಸುತ್ತಲೂ ಮಣ್ಣನ್ನು ಮೇಲುಮೇಲೆ ಸಡಿಲಿಸಿ, ನೆಲದಲ್ಲಿರುವ ದೊಡ್ಡ ಗಿಡಕ್ಕೆ ಐದು ಕಿಲೋದಷ್ಟು ಚೆನ್ನಾಗಿ ಕಳಿತ ತಿಪ್ಪೆಗೊಬ್ಬರವನ್ನೂ ಎರಡು ಹಿಡಿ ಬೇವಿನ ಹಿಂಡಿಯನ್ನೂ ಸೇರಿಸಿ. ಹಸಿ ಸಗಣಿ ಬೇಡ. ಅದು ಬೇರನ್ನು ಸುಡುತ್ತದೆ, ಗೆದ್ದಲನ್ನು ಕರೆಯುತ್ತದೆ. ಹೊಸ ಚಿಗುರು ಬೆರಳುದ್ದವಾದ ಮೇಲೆ ಹದಿನೈದು ದಿನಕ್ಕೊಮ್ಮೆ ಶೇಂಗಾ ಹಿಂಡಿಯ ತಿಳಿಯನ್ನು ಕೊಡಬಹುದು: ನೂರು ಗ್ರಾಂ ಹಿಂಡಿಯನ್ನು ಒಂದು ಲೀಟರ್ ನೀರಿನಲ್ಲಿ ಮೂರು ದಿನ ನೆನೆಸಿ, ಸೋಸಿ, ಹತ್ತು ಪಟ್ಟು ನೀರು ಬೆರೆಸಿ, ತೇವವಿರುವ ಮಣ್ಣಿಗೆ ಮಾತ್ರ ಹಾಕಬೇಕು. ವಾಸನೆ ನೆರೆಮನೆಯವರೆಗೂ ಹೋಗುತ್ತದೆಯಾದ್ದರಿಂದ ಮುಚ್ಚಿದ ಬಕೆಟ್ ಬಳಸಿ. ಒಲೆಯ ಬೂದಿಯನ್ನೂ ತತ್ತಿಯ ಸಿಪ್ಪೆಯನ್ನೂ ಎರೆ ಮಣ್ಣಿನ ಗುಲಾಬಿಗೆ ಹಾಕುವ ಅಭ್ಯಾಸವನ್ನು ಬಿಡುವುದು ಲೇಸು. ಎರೆಯಲ್ಲಿ ಸುಣ್ಣದ ಅಂಶ ಮೊದಲೇ ಸಾಕಷ್ಟಿದ್ದು, ಬೂದಿ ಅದರ ಕ್ಷಾರಗುಣವನ್ನು ಇನ್ನಷ್ಟು ಹೆಚ್ಚಿಸುತ್ತದೆ.

ಇನ್ನು ಹೊದಿಕೆ. ನಮ್ಮ ಚಳಿಗಾಲದಲ್ಲಿ ಹೊದಿಸಬೇಕಾದದ್ದು ನೆಲಕ್ಕೆ. ಶೇಂಗಾ ಸಿಪ್ಪೆ, ಕಬ್ಬಿನ ರವದಿ, ಸಣ್ಣಗೆ ಕತ್ತರಿಸಿದ ಜೋಳದ ಕಣಿಕೆ, ಒಣಗಿದ ಹೊಂಗೆ ಅಥವಾ ಬೇವಿನ ಎಲೆ, ಇವುಗಳಲ್ಲಿ ಸಿಕ್ಕದ್ದನ್ನು ಐದರಿಂದ ಏಳು ಸೆಂಟಿಮೀಟರ್ ದಪ್ಪಕ್ಕೆ, ಎಲೆಗಳ ನೆರಳು ಬೀಳುವಷ್ಟು ಅಗಲಕ್ಕೆ ಹಾಸಿ. ಕಾಂಡದ ಸುತ್ತ ನಾಲ್ಕು ಬೆರಳಿನಷ್ಟು ಜಾಗ ಬಿಡಲೇಬೇಕು. ಎರೆ ನೆಲದಲ್ಲಿ ಬಿರುಕು ಬಿಡುವ ಮೊದಲೇ ಇದನ್ನು ಹಾಸಬೇಕು. ಬಿರುಕು ಆಗಲೇ ಬಿದ್ದಿದ್ದರೆ ಒಣ ಗೊಬ್ಬರ ಮತ್ತು ಮರಳು ಬೆರೆಸಿ ಅದರೊಳಗೆ ತುಂಬಿ, ನೀರು ಕೊಟ್ಟು, ಆಮೇಲೆ ಹಾಸಬೇಕು. ಕಣಿಕೆಗೆ ಗೆದ್ದಲು ಬರುವ ಜಾಗದಲ್ಲಿ ಹದಿನೈದು ದಿನಕ್ಕೊಮ್ಮೆ ಹೊದಿಕೆಯನ್ನು ಎತ್ತಿ ತಳ ನೋಡುತ್ತಿರಿ.

ನೀರು ಕೊಡುವ ಹೊತ್ತು

ಸಂಜೆ ಕಚೇರಿಯಿಂದ ಬಂದ ಮೇಲೆ ಗಿಡಗಳಿಗೆ ಪೈಪು ಹಿಡಿಯುವುದು ನಗರದ ಮನೆಗಳಲ್ಲಿ ರೂಢಿ. ಬೇಸಿಗೆಯಲ್ಲಿ ಅದು ನಡೆಯುತ್ತದೆ. ಚಳಿಗಾಲದಲ್ಲಿ ನೀರು ಬೆಳಿಗ್ಗೆ ಎಂಟರಿಂದ ಹತ್ತರೊಳಗೆ, ಬುಡಕ್ಕೆ ಮಾತ್ರ ಬೀಳಬೇಕು. ಕಪ್ಪು ಚುಕ್ಕೆ ರೋಗದ ಬೀಜಕಣ ಎಲೆಯೊಳಗೆ ಇಳಿಯಲು ಎಲೆ ಸುಮಾರು ಏಳು ಗಂಟೆ ಸತತವಾಗಿ ಒದ್ದೆಯಾಗಿರಬೇಕು. ಸಂಜೆ ಆರಕ್ಕೆ ಎಲೆ ನೆನೆಸಿದರೆ ಅದು ಆರುವ ಮೊದಲೇ ಇಬ್ಬನಿ ಬಂದು ಸೇರಿಕೊಳ್ಳುತ್ತದೆ, ಮರುದಿನ ಎಂಟರವರೆಗೆ ಹದಿನಾಲ್ಕು ಗಂಟೆಯ ತೇವ ಸಿಕ್ಕಂತಾಗುತ್ತದೆ. ರೋಗಕ್ಕೆ ಬೇಕಾದುದರ ಎರಡು ಪಟ್ಟನ್ನು ನಾವೇ ಒದಗಿಸಿದ ಹಾಗೆ.

ಎಷ್ಟು ನೀರು ಎಂಬುದಕ್ಕೆ ಬೆರಳೇ ಅಳತೆ. ಎರಡು ಗೆಣ್ಣು ಆಳಕ್ಕೆ ಬೆರಳಿಟ್ಟಾಗ ಮಣ್ಣು ತಣ್ಣಗೆ, ಅಂಟಿಕೊಳ್ಳುವಂತಿದ್ದರೆ ಬೇಡ, ಉದುರುವಂತಿದ್ದರೆ ಬೇಕು. ಹೊದಿಕೆ ಹಾಸಿದ ಮಸಾರಿಯಲ್ಲಿ ನಾಲ್ಕೈದು ದಿನಕ್ಕೊಮ್ಮೆ, ಎರೆಯಲ್ಲಿ ವಾರಕ್ಕೊಮ್ಮೆ, ಕುಂಡಗಳಲ್ಲಿ ದಿನ ಬಿಟ್ಟು ದಿನ ಎಂಬುದು ಸ್ಥೂಲ ಲೆಕ್ಕ. ಚಳಿ ಇದೆಯೆಂದು ನೀರು ತೀರಾ ಕಡಿಮೆ ಮಾಡುವುದೂ ತಪ್ಪು, ಏಕೆಂದರೆ ಮಧ್ಯಾಹ್ನದ ಮೂಡಗಾಳಿ ಒಣಗಾಳಿ, ಎಲೆಯಿಂದ ತೇವವನ್ನು ಅದು ಚುರುಕಾಗಿ ಎಳೆಯುತ್ತದೆ. ಎಲೆಯಂಚು ಕಂದಾಗಿ ಗರಿಗರಿಯಾದರೆ ಅದನ್ನು ಚಳಿಯ ಸುಡುವಿಕೆ ಎಂದುಕೊಳ್ಳದೆ ಮೊದಲು ಬುಡದ ತೇವ ನೋಡಿ.

ಬೋರಿನ ನೀರು ಚಳಿಗಾಲದ ಬೆಳಿಗ್ಗೆ ಬೆಚ್ಚಗಿರುತ್ತದೆ, ರಾತ್ರಿಯಿಡೀ ಮಾಳಿಗೆಯ ಟ್ಯಾಂಕಿನಲ್ಲಿ ನಿಂತ ನೀರು ಅದಕ್ಕಿಂತ ತಣ್ಣಗಿರುತ್ತದೆ. ಎರಡೂ ಇದ್ದವರು ಬೆಳಗಿನ ಹೊತ್ತು ಬೋರಿನದನ್ನೇ ಬಳಸಬಹುದು. ಆದರೆ ನೀರು ಸವಳಾಗಿದ್ದರೆ ಕುಂಡದ ಅಂಚಿನಲ್ಲಿ ಬಿಳಿ ಉಪ್ಪು ಕಟ್ಟುತ್ತದೆ. ಗದಗ ಭಾಗದ ಹಲವು ಕಡೆ ಇದು ಸಾಮಾನ್ಯ. ಅಂಥಲ್ಲಿ ತಿಂಗಳಿಗೊಮ್ಮೆ ಸಿಹಿನೀರನ್ನು ಕುಂಡದ ತಳದಿಂದ ಧಾರಾಳವಾಗಿ ಹರಿದುಹೋಗುವಷ್ಟು ಸುರಿದು ಉಪ್ಪನ್ನು ತೊಳೆಯಬೇಕು.

ಇಬ್ಬನಿ ಮತ್ತು ಮೂರು ರೋಗಗಳು

ಎರೆ ಹೊಲದ ಕಡಲೆಗೂ ಬಿಳಿಜೋಳಕ್ಕೂ ಇಬ್ಬನಿ ಆಸರೆ ಎಂದು ನಮ್ಮ ರೈತರು ಹೇಳುತ್ತಾರೆ. ಅದೇ ಇಬ್ಬನಿ ಗುಲಾಬಿಗೆ ಈ ಕಾಲದ ಮೊದಲ ವೈರಿ. ಮೋಡವಿಲ್ಲದ ರಾತ್ರಿಯಲ್ಲಿ ಎಲೆ ತನ್ನ ಬಿಸಿಯನ್ನು ಬಯಲು ಆಕಾಶಕ್ಕೆ ಬಿಟ್ಟುಕೊಟ್ಟು ಸುತ್ತಲಿನ ಗಾಳಿಗಿಂತ ತಣ್ಣಗಾಗುತ್ತದೆ, ಗಾಳಿಯ ತೇವ ಅದರ ಮೇಲೆ ಹನಿಗಟ್ಟುತ್ತದೆ. ಬಯಲಲ್ಲಿ ನಿಲ್ಲಿಸಿದ ಸ್ಕೂಟರಿನ ಸೀಟು ಬೆಳಿಗ್ಗೆ ಒದ್ದೆಯಾಗಿದ್ದು, ಮರದಡಿಯದು ಒಣಗಿರುವುದೂ ಈ ಕಾರಣಕ್ಕೇ. ಅಂದರೆ ಗಿಡಕ್ಕೂ ಆಕಾಶಕ್ಕೂ ನಡುವೆ ಒಂದು ತೆಳುವಾದ ಮರೆ ಇದ್ದರೆ ಇಬ್ಬನಿ ಬಹುಮಟ್ಟಿಗೆ ಕಡಿಮೆಯಾಗುತ್ತದೆ.

ಮಾಳಿಗೆಯ ಮೇಲೆ ಹತ್ತಿಪ್ಪತ್ತು ಕುಂಡಗಳಿದ್ದವರು ಈ ಮರೆಯನ್ನು ಸುಲಭವಾಗಿ ಕಟ್ಟಬಹುದು. ನಾಲ್ಕು ಬಿದಿರು ಅಥವಾ ಪೈಪು ನಿಲ್ಲಿಸಿ, ಗಿಡದ ತುದಿಯಿಂದ ಒಂದೂವರೆ ಅಡಿ ಮೇಲೆ ಹಸಿರು ಬಲೆಯನ್ನೋ ಹಳೆಯ ನೂಲಿನ ಸೀರೆಯನ್ನೋ ಚಪ್ಪರದಂತೆ ಕಟ್ಟಿ, ನಾಲ್ಕೂ ಬದಿ ತೆರೆದೇ ಬಿಡಿ. ಹೊತ್ತು ಮುಳುಗಿದ ಮೇಲೆ ಹರಡಿ, ಬಿಸಿಲು ಬಿದ್ದ ಕೂಡಲೇ ಸುತ್ತಿಡಬೇಕು. ಹಗಲೂ ಬಿಟ್ಟರೆ ಬೆಳಕು ಸಾಲದೆ ಹೂ ಕಡಿಮೆಯಾಗುತ್ತದೆ. ದಿನವೂ ಇದನ್ನು ಮಾಡಲಾಗದವರು ದಟ್ಟ ಇಬ್ಬನಿ ಬೀಳುವ ವಾರಗಳಲ್ಲಿ ಮಾತ್ರ ಮಾಡಿದರೂ ಫಲ ಕಾಣುತ್ತದೆ. ನೆಲದ ತೋಟದಲ್ಲಿ ಇದು ಆಗದ ಮಾತು. ಅಲ್ಲಿ ಗಿಡಗಳ ನಡುವೆ ಎರಡೂವರೆ ಅಡಿ ಅಂತರ, ಗಿಡದ ಒಳಗೆ ಗಾಳಿ ಆಡುವಂತೆ ತೆರೆದ ನಡು, ಮತ್ತು ಬೆಳಿಗ್ಗೆ ಕಾಂಡವನ್ನು ಹಿಡಿದು ಮೆಲ್ಲಗೆ ಅಲುಗಿಸಿ ಹನಿ ಉದುರಿಸುವುದು, ಇಷ್ಟೇ ಉಪಾಯ.

ಇಷ್ಟಾದರೂ ರೋಗ ಬರಬಹುದು. ಮೂರು ರೋಗಗಳನ್ನು ಒಂದರಿಂದ ಇನ್ನೊಂದನ್ನು ಬೇರ್ಪಡಿಸಿ ಗುರುತಿಸಲು ಕಲಿಯುವುದು ಮುಖ್ಯ, ಏಕೆಂದರೆ ಒಂದರ ಔಷಧ ಇನ್ನೊಂದಕ್ಕೆ ನಾಟದಿರಬಹುದು.

ಬೂದಿ ರೋಗ ಎಳೆಯ ಎಲೆ, ಮೊಗ್ಗು, ಮೊಗ್ಗಿನ ತೊಟ್ಟುಗಳ ಮೇಲೆ ಬಿಳಿ ಹಿಟ್ಟು ಚೆಲ್ಲಿದಂತೆ ಕಾಣುತ್ತದೆ, ಎಲೆ ಮೇಲ್ಮುಖವಾಗಿ ಸುರುಟುತ್ತದೆ. ರಾತ್ರಿ 15, 16 ಡಿಗ್ರಿಯ ತೇವದ ಗಾಳಿ, ಹಗಲು 26, 27 ಡಿಗ್ರಿಯ ಒಣಹವೆ ಇದಕ್ಕೆ ಅತ್ಯಂತ ಹಿತ. ನಮ್ಮ ಡಿಸೆಂಬರ್ ಈ ರೋಗಕ್ಕೆಂದೇ ಹೇಳಿ ಮಾಡಿಸಿದಂತಿದೆ. ವಿಚಿತ್ರವೆಂದರೆ ಇದರ ಬೀಜಕಣಗಳು ನಿಂತ ನೀರಿನಲ್ಲಿ ಮೊಳೆಯಲಾರವು. ಹಾಗಾಗಿ ಎಲೆ ನೆನೆಸಬಾರದೆಂಬ ನಿಯಮಕ್ಕೆ ಇಲ್ಲಿ ಒಂದು ವಿನಾಯಿತಿ ಇದೆ: ರೋಗ ಆರಂಭವಾದ ಗಿಡವನ್ನು ಬಿಸಿಲಿರುವ ಬೆಳಿಗ್ಗೆ ಒಂಬತ್ತರ ಸುಮಾರಿಗೆ ನೀರಿನಿಂದ ತೊಳೆದರೆ ಹಿಟ್ಟು ಹೋಗುತ್ತದೆ, ಮಧ್ಯಾಹ್ನದೊಳಗೆ ಎಲೆಯೂ ಒಣಗುತ್ತದೆ. ಮುನ್ನೆಚ್ಚರಿಕೆಗೆ ಒಂದು ಪಾಲು ಹಾಲಿಗೆ ಒಂಬತ್ತು ಪಾಲು ನೀರು ಬೆರೆಸಿ ವಾರಕ್ಕೊಮ್ಮೆ ಬಿಸಿಲಿನಲ್ಲಿ ಸಿಂಪಡಿಸಬಹುದು. ರೋಗ ಬಲಿತರೆ ನೀರಿನಲ್ಲಿ ಕರಗುವ ಗಂಧಕವನ್ನು ಲೀಟರಿಗೆ ಎರಡು ಗ್ರಾಂನಂತೆ, ಇಬ್ಬನಿ ಆರಿದ ಮೇಲೆ, ಎಲೆಯ ಎರಡೂ ಬದಿಗೆ ತಾಗುವಂತೆ ಹೊಡೆಯಬೇಕು. ಬೇವಿನೆಣ್ಣೆ ಹೊಡೆದ ಎರಡು ವಾರದೊಳಗೆ ಗಂಧಕ ಹೊಡೆದರೆ ಎಲೆ ಸುಡುತ್ತದೆ. ಉಷ್ಣಾಂಶ 32 ದಾಟುವ ದಿನಗಳಲ್ಲಿಯೂ ಅದೇ ಗತಿ.

ಕೇದಿಗೆ ರೋಗ ಅಥವಾ ಡೌನಿ ಮಿಲ್ಡ್ಯೂ ಎನ್ನುವುದು ಇವುಗಳಲ್ಲಿ ಅತಿ ಅಪಾಯದ್ದು. ನವೆಂಬರ್, ಡಿಸೆಂಬರ್‌ನಲ್ಲಿ ಬಂಗಾಳ ಕೊಲ್ಲಿಯ ಚಂಡಮಾರುತದಿಂದ ಎರಡು ಮೂರು ದಿನ ಮೋಡ ಕವಿದು ಜಿಟಿಜಿಟಿ ಮಳೆ ಹಿಡಿದರೆ ಇದನ್ನು ನಿರೀಕ್ಷಿಸಬೇಕು. ಎಲೆಯ ನರಗಳ ನಡುವೆ ನೇರಳೆ ಕೆಂಪಿನ ಕೋನಾಕಾರದ ಮಚ್ಚೆಗಳು ಮೂಡುತ್ತವೆ, ಮುಂಜಾನೆ ಎಲೆಯ ಅಡಿಯಲ್ಲಿ ಬೂದುಬಣ್ಣದ ನವಿರಾದ ಬೂಷ್ಟು ಕಾಣುತ್ತದೆ, ಹಸಿರಾಗಿರುವ ಎಲೆಗಳೇ ಮುಟ್ಟಿದರೆ ಉದುರುತ್ತವೆ. ಗಂಧಕದಿಂದ ಇದು ಜಗ್ಗುವುದಿಲ್ಲ. ಮೆಟಲಾಕ್ಸಿಲ್ ಮತ್ತು ಮ್ಯಾಂಕೋಜೆಬ್ ಬೆರೆತ ಪುಡಿಯನ್ನು ಲೀಟರಿಗೆ ಎರಡು ಗ್ರಾಂನಂತೆ ಬೇಗನೆ ಸಿಂಪಡಿಸಬೇಕು, ಉದುರಿದ ಎಲೆಗಳನ್ನು ಅದೇ ದಿನ ತೆಗೆಯಬೇಕು. ಬಿಸಿಲು ಮರಳಿ ಹಗಲು 27 ಡಿಗ್ರಿ ದಾಟಿದರೆ ರೋಗ ತಾನಾಗಿ ತಗ್ಗುವುದೂ ಉಂಟು.

ಕಪ್ಪು ಚುಕ್ಕೆ ರೋಗದಲ್ಲಿ ಅಂಚು ಹರಿದಂತಿರುವ ದುಂಡನೆಯ ಕಪ್ಪು ಮಚ್ಚೆಗಳು ಬುಡದ ಎಲೆಗಳಿಂದ ಆರಂಭವಾಗಿ ಮೇಲೇರುತ್ತವೆ, ಸುತ್ತಲೂ ಎಲೆ ಹಳದಿಯಾಗುತ್ತದೆ. ಒಣಹವೆ ಬಂದಂತೆ ಇದು ಹಿಂದೆಗೆಯುತ್ತದೆ. ಮಚ್ಚೆಯ ಎಲೆಗಳನ್ನು ಕಿತ್ತು, ಮ್ಯಾಂಕೋಜೆಬ್ ಅನ್ನು ಲೀಟರಿಗೆ ಎರಡು ಗ್ರಾಂನಂತೆ ಹತ್ತು ದಿನಗಳ ಅಂತರದಲ್ಲಿ ಎರಡು ಸಲ ಹೊಡೆದರೆ ಸಾಕು. ಯಾವ ಔಷಧ ಹೊಡೆಯುವಾಗಲೂ ಮೂಗು ಬಾಯಿ ಮುಚ್ಚಿಕೊಳ್ಳಬೇಕು. ಔಷಧ ಹೊಡೆದ ಗಿಡದ ಹೂವನ್ನು ಗುಲ್ಕಂದಕ್ಕೆ ಬಳಸಲೇಬಾರದು. ರೋಗ ಯಾವುದೆಂದು ತಿಳಿಯದೆ ಅಂಗಡಿಯವರು ಕೊಟ್ಟದ್ದನ್ನು ತಂದು ಸುರಿಯುವುದಕ್ಕಿಂತ, ನಾಲ್ಕು ಎಲೆಗಳನ್ನು ಕಾಗದದಲ್ಲಿ ಸುತ್ತಿಕೊಂಡು ಧಾರವಾಡದ ಸೈದಾಪುರ, ಗದಗ ಬಳಿಯ ಹುಲಕೋಟಿ ಅಥವಾ ರಾಣೆಬೆನ್ನೂರು ತಾಲ್ಲೂಕಿನ ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ದು ತೋರಿಸುವುದು ಮೇಲು.

ಬಿಸಿಲಿನ ಜಾಗ

ಚಳಿಗಾಲದ ಸೂರ್ಯ ತೆಂಕಣಕ್ಕೆ ವಾಲಿರುತ್ತಾನೆ. ಡಿಸೆಂಬರ್ ಮೂರನೆಯ ವಾರದಲ್ಲಿ ನಮ್ಮ ಅಕ್ಷಾಂಶದಲ್ಲಿ ನಡುಹಗಲಿನ ಸೂರ್ಯನೂ ದಿಗಂತದಿಂದ ಸುಮಾರು 51 ಡಿಗ್ರಿ ಎತ್ತರದಲ್ಲಷ್ಟೇ ಇರುವುದರಿಂದ, ಹತ್ತಡಿ ಎತ್ತರದ ಗೋಡೆಯ ನೆರಳು ಮಧ್ಯಾಹ್ನವೇ ಬಡಗಣ ಬದಿಗೆ ಎಂಟು ಅಡಿ ಚಾಚುತ್ತದೆ. ಮಳೆಗಾಲದಲ್ಲಿ ಬಿಸಿಲು ಕಂಡಿದ್ದ ಜಾಗ ಈಗ ದಿನವಿಡೀ ನೆರಳಿನಲ್ಲಿರಬಹುದು. ಆರು ಗಂಟೆ ನೇರ ಬಿಸಿಲು, ಅದರಲ್ಲಿಯೂ ಇಬ್ಬನಿ ಬೇಗ ಆರುವಂತೆ ಬೆಳಗಿನ ಬಿಸಿಲು, ಸಿಗುವಲ್ಲಿಗೆ ಕುಂಡಗಳನ್ನು ನವೆಂಬರ್‌ನಲ್ಲಿಯೇ ಸರಿಸಿ. ಮೂಡಗಾಳಿ ನೇರ ಬಡಿಯುವ ಮಾಳಿಗೆಯಲ್ಲಿ ಮೂಡಣ ಬದಿಗೆ ಎರಡಡಿ ಎತ್ತರದ ಬಲೆ ಕಟ್ಟಿದರೆ ಗಾಳಿಯ ರಭಸ ತಗ್ಗುತ್ತದೆ. ಗಾಳಿಯನ್ನು ಪೂರ್ತಿ ತಡೆಯುವ ತಗಡು ಬೇಡ.

ಹೇನು ಮತ್ತು ನುಸಿ

ಚಳಿಯಲ್ಲಿ ಮೊಗ್ಗಿನ ಕತ್ತಿನ ಮೇಲೆ ಹಸಿರು ಹೇನು ಮುತ್ತುವುದು ಸಾಮಾನ್ಯ. ಬೆಳಿಗ್ಗೆ ಪೈಪಿನ ನೀರನ್ನು ಬಿರುಸಾಗಿ ಬಿಟ್ಟರೆ ಅರ್ಧ ಹೋಗುತ್ತವೆ, ಗುಲಗಂಜಿ ಹುಳುಗಳಿದ್ದರೆ ಉಳಿದರ್ಧವನ್ನು ಅವೇ ತಿನ್ನುತ್ತವೆ. ಅವುಗಳನ್ನು ಕಂಡ ಮೇಲೆ ಔಷಧದ ಡಬ್ಬಿ ತೆರೆಯಬೇಡಿ. ಸಾಲದಿದ್ದರೆ ಲೀಟರಿಗೆ ಐದು ಮಿಲಿಲೀಟರ್ ಬೇವಿನೆಣ್ಣೆ, ಸ್ವಲ್ಪ ಸಾಬೂನು ದ್ರಾವಣ ಸೇರಿಸಿ ಹೊಡೆಯಬಹುದು.

ನುಸಿಯ ವಿಷಯ ನಮ್ಮ ಭಾಗಕ್ಕೆ ವಿಶೇಷವಾದದ್ದು. ಬ್ಯಾಡಗಿ, ಕುಂದಗೋಳ, ಶಿರಹಟ್ಟಿಯ ಕಡೆ ಮೆಣಸಿನಕಾಯಿ ಹೊಲಗಳು ಊರಿಗೆ ಹೊಂದಿಕೊಂಡೇ ಇರುತ್ತವೆ. ಮೆಣಸಿನ ಗಿಡದ ಎಲೆ ಮುದುಡಿಸುವ ಥ್ರಿಪ್ಸ್ ನುಸಿಗೆ ಗುಲಾಬಿಯೂ ಆಹಾರ. ಜನವರಿ, ಫೆಬ್ರವರಿಯಲ್ಲಿ ಹೊಲದ ಗಿಡಗಳು ಒಣಗತೊಡಗಿದಾಗ ನುಸಿ ಹಸಿರಿರುವ ಕಡೆಗೆ ಹಾರುತ್ತದೆ, ಮನೆಯಂಗಳದ ಗುಲಾಬಿಯ ಎಳೆಚಿಗುರು ಅದಕ್ಕೆ ಸಿಗುತ್ತದೆ. ಮೊಗ್ಗಿನ ಅಂಚು ಕಂದಾಗಿ ಅರಳದೆ ನಿಂತರೆ, ಎಸಳುಗಳಲ್ಲಿ ಗೆರೆಗೆರೆ ಕಲೆ ಕಂಡರೆ, ಹೂವನ್ನು ಬಿಳಿ ಕಾಗದದ ಮೇಲೆ ಕೊಡವಿ ನೋಡಿ. ಕೂದಲಿನಷ್ಟು ಸಣ್ಣ ಹುಳುಗಳು ಹರಿದಾಡುತ್ತವೆ. ಸಂಕ್ರಾಂತಿಯ ಹೊತ್ತಿಗೇ ನೀಲಿ ಅಂಟುಬಲೆಗಳನ್ನು ಗಿಡದ ಎತ್ತರಕ್ಕೆ ತೂಗುಹಾಕಿ. ಕೆಟ್ಟ ಮೊಗ್ಗುಗಳನ್ನು ಕಿತ್ತು ಚೀಲದಲ್ಲಿ ಕಟ್ಟಿ ಹೊರಹಾಕಿ. ತೀರಾ ಹೆಚ್ಚಾದರೆ ಸ್ಪೈನೋಸಾಡ್ 45 ಎಸ್‌ಸಿ ದ್ರಾವಣವನ್ನು ಲೀಟರಿಗೆ 0.3 ಮಿಲಿಲೀಟರಿನಂತೆ, ಜೇನುಹುಳುಗಳು ಓಡಾಡದ ಸಂಜೆಯ ಹೊತ್ತು, ಮೊಗ್ಗುಗಳಿಗೆ ತಾಗುವಂತೆ ಹೊಡೆಯಿರಿ.

ಹಳದಿ ಎಲೆ, ಕುರುಡು ಚಿಗುರು, ಅರಳದ ಮೊಗ್ಗು

ಎಳೆಯ ಎಲೆ ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿದರೆ ಅದು ಕಬ್ಬಿಣದ ಕೊರತೆ. ಸುಣ್ಣದ ಅಂಶವಿರುವ ಎರೆಯಲ್ಲಿ, ನೆಲ ತಣ್ಣಗಾಗಿ ಬೇರು ಮಂದವಾದಾಗ ಇದು ಹೆಚ್ಚು. ಲೀಟರಿಗೆ ಐದು ಗ್ರಾಂ ಫೆರಸ್ ಸಲ್ಫೇಟ್, ಒಂದು ಗ್ರಾಂ ಸಿಟ್ರಿಕ್ ಆಮ್ಲ ಬೆರೆಸಿ ಹತ್ತು ದಿನಕ್ಕೊಮ್ಮೆ ಎರಡು ಮೂರು ಸಲ ಸಿಂಪಡಿಸಿದರೆ ಹಸಿರು ಮರಳುತ್ತದೆ. ಮಣ್ಣಿಗೇ ಕೊಡುವುದಾದರೆ ಇಡಿಡಿಎಚ್‌ಎ ರೂಪದ ಕಬ್ಬಿಣವನ್ನು ಕೇಳಿ ತನ್ನಿ. ಅಗ್ಗವಾಗಿ ಸಿಗುವ ಇಡಿಟಿಎ ರೂಪ ಕ್ಷಾರದ ಮಣ್ಣಿನಲ್ಲಿ ನಿಲ್ಲುವುದಿಲ್ಲ. ಬುಡದ ಹಳೆಯ ಎಲೆ ಒಂದೆರಡು ಹಳದಿಯಾಗಿ ಉದುರಿದರೆ ಏನೂ ಮಾಡಬೇಕಿಲ್ಲ.

ಚಿಗುರು ಚೆನ್ನಾಗಿ ಬೆಳೆದೂ ತುದಿಯಲ್ಲಿ ಮೊಗ್ಗಿಲ್ಲದೆ ನಿಂತರೆ ಅದು ಕುರುಡು ಚಿಗುರು. ತಂಪು ಮತ್ತು ಕಡಿಮೆ ಬೆಳಕಿನಲ್ಲಿ ಇದು ಸಹಜ. ಹೊರಮುಖದ ಐದೆಲೆಯ ಕಣ್ಣಿನವರೆಗೆ ಕತ್ತರಿಸಿದರೆ ಅಲ್ಲಿಂದ ಹೂಚಿಗುರು ಬರುತ್ತದೆ. ಎಸಳು ಹೆಚ್ಚಿರುವ ತಳಿಗಳಲ್ಲಿ ಇಬ್ಬನಿಯಲ್ಲಿ ನೆಂದ ಹೊರ ಎಸಳುಗಳು ಬಿಸಿಲಿಗೆ ಒಣಗಿ ಅಂಟಿಕೊಂಡು ಮೊಗ್ಗು ಅರಳದೆ ಉಳಿಯುವುದುಂಟು. ಆ ಹೊರ ಎಸಳನ್ನು ಉಗುರಿನಿಂದ ಬಿಡಿಸಿದರೆ ಸಾಕು. ಈ ತಿಂಗಳುಗಳಲ್ಲಿ ಹೂ ಕೊಯ್ಯುವಾಗ ರೆಂಬೆಯಲ್ಲಿ ಕನಿಷ್ಠ ಎರಡು ಐದೆಲೆಯ ಎಲೆಗಳನ್ನಾದರೂ ಬಿಡಬೇಕು, ಹಗಲು ಹನ್ನೊಂದೂಕಾಲು ಗಂಟೆಗೆ ಇಳಿದಿರುವಾಗ ಗಿಡಕ್ಕೆ ಪ್ರತಿ ಎಲೆಯೂ ಬೇಕು.

ಸಂಕ್ರಾಂತಿಯಿಂದ ಶಿವರಾತ್ರಿಯವರೆಗೆ

ಮೊದಲ ಸುತ್ತಿನ ಹೂ ಮುಗಿಯುವ ಜನವರಿ ನಡುವಿನಲ್ಲಿ ಒಣಹೂಗಳ ಜೊತೆಗೆ ರೆಂಬೆಯ ತುದಿಯನ್ನಷ್ಟೇ ಸವರಿ, ಗಿಡಕ್ಕೊಂದು ಹಿಡಿ ಎರೆಹುಳು ಗೊಬ್ಬರ ಕೊಡಿ. ಈಗ ಬಿಗಿಯಾದ ಚಾಟನಿ ಮಾಡಿದರೆ ಎಳೆಚಿಗುರು ನೇರವಾಗಿ ಬೇಸಿಗೆಯ ಬಾಯಿಗೆ ಬೀಳುತ್ತದೆ. ಶಿವರಾತ್ರಿಗೆ ಚಳಿ ಶಿವ ಶಿವ ಎಂದು ಹೋಗುತ್ತದೆ ಎನ್ನುವ ಮಾತು ಗುಲಾಬಿಯ ಪಂಚಾಂಗಕ್ಕೂ ಸರಿಹೊಂದುತ್ತದೆ. ಆ ಹೊತ್ತಿಗೆ ಇಬ್ಬನಿ ನಿಂತಿರುತ್ತದೆ, ಬೂದಿ ರೋಗ ತಗ್ಗುತ್ತದೆ, ಮಧ್ಯಾಹ್ನ 32 ಡಿಗ್ರಿ ದಾಟುವುದರಿಂದ ಗಂಧಕವನ್ನು ಒಳಗಿಡಬೇಕು. ಅದರ ಬದಲಿಗೆ ಎಲೆಯ ಅಡಿಯಲ್ಲಿ ಕೆಂಪು ಜೇಡನುಸಿ ಬಲೆ ನೇಯತೊಡಗುತ್ತದೆ. ಎರಡು ದಿನಕ್ಕೊಮ್ಮೆ ಬೆಳಿಗ್ಗೆ ಎಲೆಯ ಕೆಳಬದಿಗೆ ನೀರು ಎರಚಿ ತೊಳೆಯುವುದರಿಂದ ಅದು ಹತೋಟಿಗೆ ಬರುತ್ತದೆ. ಇಬ್ಬನಿಗೆ ಕಟ್ಟಿದ್ದ ಬಲೆಯನ್ನು ಬಿಚ್ಚದೆ ಹಾಗೇ ಇಡಿ. ಮಾರ್ಚ್‌ನಿಂದ ಅದನ್ನು ರಾತ್ರಿ ಸುತ್ತಿಟ್ಟು, ಹನ್ನೆರಡರಿಂದ ನಾಲ್ಕರವರೆಗೆ ಬಿಸಿಲಿಗೆ ಮರೆಯಾಗಿ ಹರಡಬೇಕಾಗುತ್ತದೆ. ಕರಗಿ ತೆಳುವಾದ ನೆಲದ ಹೊದಿಕೆಗೂ ಆಗ ಇನ್ನೊಂದು ಪದರ ಸೇರಿಸಬೇಕು.